ಬಳ್ಳಾರಿಗೆ ಗಂಡಭೇರುಂಡ ಯಾವ ದಾರಿಯಿಂದ ಬಂತು?

ಪ್ರಶ್ನೆ: ಸರ್ಕಾರಿ ಕಾಗದದ ಮೇಲಿರುವ ಎರಡು ತಲೆಯ ಹಕ್ಕಿ ಮೈಸೂರು ಅರಸರ ಗುರುತು ಅಲ್ವಾ? ಹಂಪಿ ಅರಸರ ವರಾಹ ಬಿಟ್ಟು ಇದನ್ನೇ ಯಾಕೆ ಇಟ್ಟುಕೊಂಡರು? ನಮ್ಮ ಸಂಘದ ಲೆಟರ್‌ಹೆಡ್ ಮೇಲೆ ಇದನ್ನು ಹಾಕಿಸಬಹುದೇನ್ರಿ?
(ಬಳ್ಳಾರಿಯ ಓದುಗರೊಬ್ಬರು)

ಈಗಿನ ಲಾಂಛನ ಬಂದದ್ದು ಮೈಸೂರಿನಿಂದಲೇ, ಅದರಲ್ಲಿ ಅನುಮಾನವಿಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು, ಕೊಪ್ಪಳ ಹೈದರಾಬಾದಿನಿಂದ ಬಂದದ್ದು 1956ರ ನವೆಂಬರ್ 1ರಂದು. ಆ ಹೊತ್ತಿಗೆ ಈ ಎರಡು ತಲೆಯ ಹಕ್ಕಿ, ಗಂಡಭೇರುಂಡ, ಮೈಸೂರಿನ ಲಾಂಛನದಲ್ಲಿ ಮೊದಲೇ ಕೂತಿತ್ತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು, ಹಕ್ಕಿ ಹಾಗೇ ಉಳಿಯಿತು. ನಮ್ಮನ್ನು ಯಾರೂ ಕೇಳಲಿಲ್ಲ ಅಂತ ಈ ಕಡೆಯವರಿಗೆ ಅನಿಸಿದರೆ ತಪ್ಪೇನಿಲ್ಲ.

ಆದರೆ ಹಕ್ಕಿ ಮೈಸೂರಿನದು ಮಾತ್ರ ಅಲ್ಲ. ಹಂಪಿಯಿಂದ 1529ರಿಂದ 1542ರವರೆಗೆ ಆಳಿದ ಅಚ್ಯುತರಾಯನ ಚಿನ್ನದ ನಾಣ್ಯ ನೋಡಿ. ಒಂದು ಬದಿಯಲ್ಲಿ ನಾಗರಿ ಅಕ್ಷರದಲ್ಲಿ ಅರಸನ ಹೆಸರು. ಇನ್ನೊಂದು ಬದಿಯಲ್ಲಿ ಗಂಡಭೇರುಂಡ, ಅದೂ ಕೊಕ್ಕಿನಲ್ಲಿ, ಕಾಲುಗುರಿನಲ್ಲಿ ಆನೆಗಳನ್ನು ಹಿಡಿದದ್ದು! ಅವನ ಅಣ್ಣ ಕೃಷ್ಣದೇವರಾಯ ಬಾಲಕೃಷ್ಣನನ್ನು ಅಚ್ಚು ಹಾಕಿಸಿದ್ದ, ಹರಿಹರ ಬುಕ್ಕರ ಕಾಲದ ನಾಣ್ಯದಲ್ಲಿ ಹನುಮಂತ. ಅಂದರೆ ನಾಣ್ಯದ ಚಿತ್ರ ಅರಸನಿಂದ ಅರಸನಿಗೆ ಬದಲಾಗುತ್ತಿತ್ತು. ವರಾಹ, ಕತ್ತಿ, ಸೂರ್ಯ, ಚಂದ್ರ ಮಾತ್ರ ಇಡೀ ರಾಜ್ಯದ ಮುದ್ರೆ. ಹಂಪಿಯ ಕಲ್ಲಿನ ಮೇಲೆ ಅದು ಇವತ್ತಿಗೂ ಕಾಣುತ್ತದೆ. ವರಾಹವೂ ವಿಜಯನಗರದವರು ಹೊಸದಾಗಿ ಕಂಡುಹಿಡಿದದ್ದಲ್ಲ. ಅವರಿಗಿಂತ ಎಷ್ಟೋ ಮೊದಲು ಬಾದಾಮಿ ಚಾಲುಕ್ಯರ ಲಾಂಛನವೂ ಅದೇ ಆಗಿತ್ತು.

ಗಂಡಭೇರುಂಡ ಇನ್ನೂ ಹಳೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲೇ ಅದಕ್ಕೊಂದು ಕಂಬ ನಿಲ್ಲಿಸಿದ್ದರು. ಅಲ್ಲಿ ಮೈ ಮನುಷ್ಯನದು, ತಲೆ ಎರಡು ಹಕ್ಕಿಯದು. ಮೈಸೂರು ಒಡೆಯರು ಮೊದಲು ವಿಜಯನಗರದ ಸಾಮಂತರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆಯೇ ಅವರು ನಿಜವಾಗಿ ತಲೆ ಎತ್ತಿದ್ದು. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಹೊರಗಿನಿಂದ ಬಂದ ಹಕ್ಕಿಯಲ್ಲ. ತುಂಗಭದ್ರೆಯ ದಂಡೆಯಲ್ಲಿ ಒಮ್ಮೆ ಚಲಾವಣೆಯಲ್ಲಿದ್ದದ್ದೇ ಮೈಸೂರಿನ ದಾರಿಯಲ್ಲಿ ವಾಪಸ್ ಬಂದಿದೆ.

ಲಾಂಛನದಲ್ಲಿ ಏನೇನಿದೆ? ನಡುವೆ ಕೆಂಪು ಗುರಾಣಿ, ಅದರ ಮೇಲೆ ಬಿಳಿ ಗಂಡಭೇರುಂಡ. ಎರಡೂ ಪಕ್ಕಕ್ಕೆ ಆನೆಯ ತಲೆ, ಸಿಂಹದ ಮೈ ಇರುವ ಶರಭ. ಮೈಸೂರ್ ಸ್ಯಾಂಡಲ್ ಸೋಪಿನ ಮೇಲಿರುವುದೂ ಇದೇ ಪ್ರಾಣಿ. ಮೇಲೆ ಸಾರನಾಥದ ಸಿಂಹಗಳು. ಕೆಳಗೆ ‘ಸತ್ಯಮೇವ ಜಯತೇ’. ಅರಸರ ಕಾಲದಲ್ಲಿ ಈ ಜಾಗದಲ್ಲಿ ‘ನ ಬಿಭೇತಿ ಕದಾಚನ’, ಅಂದರೆ ಎಂದಿಗೂ ಹೆದರುವುದಿಲ್ಲ ಎಂಬ ಉಪನಿಷತ್ತಿನ ಮಾತಿತ್ತು. ಇಲ್ಲೊಂದು ತಮಾಷೆ ಇದೆ. ಪುರಾಣದ ಕಥೆಯಲ್ಲಿ ನರಸಿಂಹನ ಸಿಟ್ಟು ಇಳಿಸಲು ಶಿವ ಶರಭನಾಗುತ್ತಾನೆ. ಆ ಶರಭನ ಮೇಲೆ ಬೀಳಲು ನರಸಿಂಹ ಗಂಡಭೇರುಂಡನಾಗುತ್ತಾನೆ. ಕಥೆಯಲ್ಲಿ ಕಾದಾಡಿದವರು ಇಲ್ಲಿ ಜಗಳವಿಲ್ಲದೆ ಒಟ್ಟಿಗೆ ನಿಂತಿದ್ದಾರೆ.

ಇನ್ನು ಲೆಟರ್‌ಹೆಡ್. ಬೇಡ. ರಾಜ್ಯ ಸರ್ಕಾರಗಳ ಲಾಂಛನವನ್ನು ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ, ವೃತ್ತಿಗೆ, ಟ್ರೇಡ್‌ಮಾರ್ಕಿಗೆ ಬಳಸುವುದನ್ನು 1950ರ ಕೇಂದ್ರ ಕಾಯ್ದೆ ತಡೆಯುತ್ತದೆ. ಅದರ ದಂಡ 500 ರೂಪಾಯಿ ಮೀರುವುದಿಲ್ಲ, ಯಾರೂ ಹೆದರುವಂಥದ್ದಲ್ಲ ಬಿಡಿ. ಮೇಲಿನ ಸಿಂಹಗಳ ವಿಷಯ ಹಾಗಲ್ಲ. ಸರ್ಕಾರದ್ದೇ ಕಾಗದ ಎಂದು ಜನ ನಂಬುವ ಹಾಗೆ ರಾಷ್ಟ್ರ ಲಾಂಛನ ಬಳಸಿದರೆ 2005ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾಜಿ ಮಂತ್ರಿಗಳಿಗೆ, ಮಾಜಿ ಶಾಸಕರಿಗೆ, ನಿವೃತ್ತ ಅಧಿಕಾರಿಗಳಿಗೂ ಇದರ ಬಳಕೆ ಇಲ್ಲ ಎಂದು 2007ರ ನಿಯಮ ಬಿಡಿಸಿ ಹೇಳಿದೆ. ಆದರೂ ವಿಸಿಟಿಂಗ್ ಕಾರ್ಡಿನಿಂದ ಸಿಂಹ ಇಳಿಸದ ಮಾಜಿಗಳನ್ನು ನೀವೂ ಕಂಡಿರಬಹುದು.

ಸೀರೆ ಅಂಚಿನ ಗಂಡಭೇರುಂಡ, ಉಂಗುರದ ಗಂಡಭೇರುಂಡ ಬೇರೆ ಮಾತು. ಅದನ್ನು ಯಾರೂ ಸರ್ಕಾರದ ಮುದ್ರೆ ಅಂದುಕೊಳ್ಳುವುದಿಲ್ಲ. ನಿಮ್ಮ ಸಂಘಕ್ಕೆ ಗುರುತು ಬೇಕೇ ಬೇಕು ಅಂದರೆ ವರಾಹ, ಕತ್ತಿ, ಸೂರ್ಯ, ಚಂದ್ರ ಇದ್ದೇ ಇವೆ. ನೆಟ್ಟಿನಿಂದ ಯಾವುದೋ ಚಿತ್ರ ಇಳಿಸಿಕೊಳ್ಳಬೇಡಿ. ಹಂಪಿಯ ಕಲ್ಲಿನ ಫೋಟೊ ತೆಗೆದು, ಅದನ್ನೇ ನೋಡಿ ಬರೆಸಿ.