ಓದುಗರ ಪ್ರಶ್ನೆ: ಥೀಸಿಸ್‌ಗೆ ವಿಷಯ ಸಿಕ್ಕಿದೆ, ಬರವಣಿಗೆ ಮಾತ್ರ ಸಾಗುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು, ಎಂ.ಎ. ಕೊನೆಯ ವರ್ಷ. ಥೀಸಿಸ್‌ಗೆ ‘ಕೊಡಗಿನ ದೇವರಕಾಡುಗಳು’ ಅನ್ನುವ ವಿಷಯ ಆರಿಸಿಕೊಂಡಿದ್ದೇನೆ. ಮೂರು ತಿಂಗಳಿಂದ ಓದುತ್ತಲೇ ಇದ್ದೇನೆ. ಮೊದಲ ಅಧ್ಯಾಯದ ಮೊದಲ ಪುಟವೇ ಮುಗಿಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಅಧ್ಯಾಯವನ್ನು ಸದ್ಯಕ್ಕೆ ಬಿಟ್ಟುಬಿಡಿ. ಅದನ್ನು ಬರೆಯಬೇಕಾದ್ದು ಕೊನೆಗೆ. ಮನೆ ಕಟ್ಟುವ ಮೊದಲೇ ಗೃಹಪ್ರವೇಶದ ಭಾಷಣ ಬರೆಯಲು ಕೂತಿದ್ದೀರಿ, ಅಷ್ಟೇ.

ನಿಮ್ಮ ಕೈಯಲ್ಲಿ ವಿಷಯ ಇದೆ, ಪ್ರಶ್ನೆ ಇಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಷ್ಟನ್ನೂ ತಲೆ ಮೇಲೆ ಹೊತ್ತುಕೊಂಡರೆ ಯಾರ ಪೆನ್ನೂ ಓಡುವುದಿಲ್ಲ. ಇದನ್ನೇ ಚಿಕ್ಕದು ಮಾಡಿ ನೋಡಿ: ನಿಮ್ಮೂರಿನ ದೇವರಕಾಡಿನಲ್ಲಿ ಗಾಳಿಮಳೆಗೆ ಒಂದು ದೊಡ್ಡ ಮರ ಬಿತ್ತು. ಅದನ್ನು ಏನು ಮಾಡಬೇಕು ಅಂತ ಹೇಳುವವರು ಯಾರು? ಊರಿನ ಪರಂಪರೆಯ ಮುಖ್ಯಸ್ಥರಾದ ತಕ್ಕರಾ, ದೇವಸ್ಥಾನದ ಸಮಿತಿಯಾ, ಅರಣ್ಯ ಇಲಾಖೆಯಾ? ಇಷ್ಟು ಕೇಳಿದ ಕೂಡಲೇ ಯಾರನ್ನು ಮಾತಾಡಿಸಬೇಕು, ಯಾವ ಕಡತ ಹುಡುಕಬೇಕು, ಯಾವ ಪುಸ್ತಕ ಸುಮ್ನೆ ಪಕ್ಕಕ್ಕಿಡಬಹುದು ಅಂತ ಗೊತ್ತಾಗುತ್ತದೆ. ಎರಡು ಮೂರು ಊರು ಸಾಕು. ಕಾನೂನು, ನಂಬಿಕೆ, ತೋಟದ ಒತ್ತುವರಿ ಎಲ್ಲ ಆ ಒಂದು ಮರದ ಹಿಂದೆಯೇ ಬರುತ್ತವೆ.

ಪ್ರಶ್ನೆ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಕೊಡಗಿನದೇ ಉದಾಹರಣೆ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಮೊದಲು ಮುಂಬೈ ವಿಶ್ವವಿದ್ಯಾಲಯಕ್ಕೆ ದಪ್ಪನೆಯ ಪಿಎಚ್.ಡಿ. ಪ್ರಬಂಧ ಬರೆದರು. ಆಮೇಲೆ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಎಂಬ ಮಾನವಶಾಸ್ತ್ರಜ್ಞರು ಅದೇ ಮಾಹಿತಿಯನ್ನು ಮತ್ತೆ ನೋಡಲು ಹೇಳಿದರು, ಈ ಸಲ ಧರ್ಮಕ್ಕೂ ಸಮಾಜಕ್ಕೂ ಏನು ನಂಟು ಅನ್ನುವ ಕಡೆಯಿಂದ. ಟಿಪ್ಪಣಿ ಹಳೆಯದು, ಪ್ರಶ್ನೆ ಹೊಸದು. 1952ರಲ್ಲಿ ಪುಸ್ತಕವಾಗಿ ಬಂದದ್ದು ಆ ಎರಡನೆಯದು. ಕೆಳಗಿನ ಜಾತಿಯವರು ಮೇಲಿನ ಜಾತಿಗಳ ಆಚರಣೆ ಹಿಡಿದು ಮೇಲೇರಲು ನೋಡುವ ‘ಸಂಸ್ಕೃತೀಕರಣ’ದ ಚರ್ಚೆ ಶುರುವಾದದ್ದೂ ಅದರಿಂದಲೇ.

ಇನ್ನು ಫೀಲ್ಡ್‌ವರ್ಕ್. ಇದನ್ನು ನಿಮ್ಮ ಸೆಮಿಸ್ಟರ್ ಕ್ಯಾಲೆಂಡರ್ ನೋಡಿ ಹಾಕಬೇಡಿ, ಮಳೆ ಮತ್ತು ಕಾಫಿ ನೋಡಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಊರುಗಳ ದಾರಿಯನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಯಾರಿಗೆ ಮರೆತಿದೆ? ನವೆಂಬರ್ ಹೊತ್ತಿಗೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ. ಆಗ ಬೆಳಿಗ್ಗೆ ಹೋಗಿ ಪ್ರಶ್ನಾವಳಿ ಹಿಡಿದರೆ ತೋಟದವರು ಕಾಫಿ ಕೊಡುತ್ತಾರೆ, ಸಮಯ ಕೊಡುವುದಿಲ್ಲ. ಹಬ್ಬಗಳದ್ದಂತೂ ಇನ್ನೂ ಕಷ್ಟ. ದೇವರಪುರದ ಕುಂಡೆ ಹಬ್ಬ ಮೇ ತಿಂಗಳಲ್ಲಿ ಬರುತ್ತದೆ, ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ನಿಮ್ಮ ಕೋರ್ಸ್ ಕಾಯುವುದಿಲ್ಲ ಅಲ್ವಾ?

ಮಾತಾಡಿಸಿ ಬಂದ ರಾತ್ರಿಯೇ ಎರಡು ಪುಟ ಬರೆಯಿರಿ. ರೆಕಾರ್ಡಿಂಗ್ ಇದೆಯಲ್ಲ ಅಂತ ಮಲಗಬೇಡಿ. ನನ್ನ ಹತ್ತಿರ ಒಬ್ಬ ಹುಡುಗ ಮೊಬೈಲ್ ತುಂಬ ಸಂದರ್ಶನ ತುಂಬಿಕೊಂಡು ಬಂದಿದ್ದ. ಸಲ್ಲಿಸುವ ದಿನ ಬಂದರೂ ಅರ್ಧಕ್ಕರ್ಧ ಕೇಳಿಯೇ ಇರಲಿಲ್ಲ. ಕೊಡವ ತಕ್ಕ್‌ನಲ್ಲೋ ಯರವ ಭಾಷೆಯಲ್ಲೋ ಹೇಳಿದ ಮಾತನ್ನು ಹಾಗೇ ಬರೆದು, ಪಕ್ಕದಲ್ಲಿ ಕನ್ನಡ ಅರ್ಥ ಹಾಕಿ. ಹೀಗೆ ಕೂಡಿಟ್ಟ ಪುಟಗಳೇ ಮೂರನೆಯದೋ ನಾಲ್ಕನೆಯದೋ ಅಧ್ಯಾಯವಾಗುತ್ತವೆ. ಬರವಣಿಗೆ ಅಲ್ಲಿಂದ ಶುರುವಾಗಲಿ.

ಹಳೆಯ ಥೀಸಿಸ್‌ನಿಂದ ಪ್ಯಾರಾ ಎತ್ತುವ ಆಸೆ ಬರುತ್ತದೆ. ಬೇಡ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 40 ದಾಟಿ 60ರೊಳಗಿದ್ದರೆ, ತಿದ್ದಿದ ಪ್ರತಿಯನ್ನೂ ಒಂದು ವರ್ಷ ಸಲ್ಲಿಸುವಂತಿಲ್ಲ.

ಗೈಡ್ ಕೈಗೇ ಸಿಗುವುದಿಲ್ಲ ಅನ್ನುವ ದೂರು ನೀವು ಬರೆದಿಲ್ಲ, ಆದರೂ ಇರುತ್ತದೆ. ಅರವತ್ತು ಪುಟ ಒಟ್ಟಿಗೆ ಕೊಟ್ಟು ‘ಸರ್, ನೋಡಿ ಹೇಳಿ’ ಅಂದರೆ ಅದು ನಮ್ಮಂಥ ಗೈಡ್‌ಗಳ ಮೇಜಿನ ಮೇಲೆ ಧೂಳು ತಿನ್ನುತ್ತದೆ. ನಾವೂ ಸ್ವಲ್ಪ ಸೋಮಾರಿಗಳೇ. ಎರಡೇ ಪುಟ ತನ್ನಿ, ಒಂದು ಸಾಲಿಗೆ ಗೆರೆ ಎಳೆದು ‘ಈ ಮಾತು ನಿಲ್ಲುತ್ತದಾ?’ ಅಂತ ಕೇಳಿ. ಕಾರಿಡಾರ್‌ನಲ್ಲಿ ನಿಂತೇ ಉತ್ತರ ಸಿಗುತ್ತದೆ.