ಪದ ಪರಿಚಯ: ಕೌಂಟಿ

'ಸಾಂತಾ ಕ್ಲಾರಾ ನಗರದ ಜನಸಂಖ್ಯೆ 19 ಲಕ್ಷ' ಎಂಬ ಸಾಲು ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. 2020ರ ಜನಗಣತಿಯ ಪ್ರಕಾರ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂತಾ ಕ್ಲಾರಾ ನಗರದಲ್ಲಿರುವುದು 1,27,647 ಜನ. 19 ಲಕ್ಷ ಜನ ಇರುವುದು ಸಾಂತಾ ಕ್ಲಾರಾ ಕೌಂಟಿಯಲ್ಲಿ, ಅಂದರೆ ರಾಜ್ಯದ ಕೆಳಗಿನ ಹಂತದ ಆಡಳಿತ ಘಟಕದಲ್ಲಿ. ಈ ನಗರವೂ ಸೇರಿ ಹದಿನೈದು ಊರುಗಳು ಆ ಕೌಂಟಿಯೊಳಗಿವೆ. ಅದೇ ಬರಹದಲ್ಲಿ ಎರಡು ಪ್ಯಾರಾ ದಾಟಿದರೆ ಅದು 'ಸಾಂತಾ ಕ್ಲಾರಾ ಜಿಲ್ಲೆ' ಆಗಿರುತ್ತದೆ, ಕೊನೆಗೆ ಬಂದರೆ 'ಸಾಂತಾ ಕ್ಲಾರಾ ಕಂಟ್ರಿ'. ಅಮೆರಿಕದ ಚುನಾವಣೆಯೋ ಕಾಡ್ಗಿಚ್ಚೋ ಸುದ್ದಿಗೆ ಬಂದಾಗಲೆಲ್ಲ ಈ ಮೂರು ತಪ್ಪುಗಳೂ ಒಟ್ಟಿಗೇ ಬರುತ್ತವೆ. ಮೂರಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಕಂಟ್ರಿಯ ಗೊಂದಲ. ಒಂದು 'ರ' ಕಾರ ಹೆಚ್ಚುಕಡಿಮೆ ಆದದ್ದಷ್ಟೇ ಎಂದು ಬಿಡುವಂತಿಲ್ಲ, ಎರಡೂ ಒಂದೇ ಪದದ ಎರಡು ಉಚ್ಚಾರ ಎಂದು ನಂಬಿದವರೇ ಇದ್ದಾರೆ. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಕಂಟ್ರಿಯ ಬೇರು ಲ್ಯಾಟಿನ್ನಿನ 'ಕಾಂತ್ರಾ', ಅಂದರೆ ಎದುರು. ನಿಂತವನ ಕಣ್ಣೆದುರು ಹರಡಿಕೊಂಡ ನೆಲ ಎಂಬ ಅರ್ಥದಿಂದ ನಾಡು, ದೇಶ ಎಂಬ ಅರ್ಥಗಳು ಹುಟ್ಟಿದವು. ಕೌಂಟಿಯ ಬೇರು 'ಕೋಮೆಸ್'. 'ಕೋಂ' ಎಂದರೆ ಜೊತೆ, 'ಈರೆ' ಎಂದರೆ ಹೋಗು. ಕೋಮೆಸ್ ಎಂದರೆ ಜೊತೆಯಲ್ಲಿ ಹೋಗುವವನು, ಒಡನಾಡಿ. ಅಲ್ಲಿ ನೆಲದ ಮಾತೇ ಇಲ್ಲ, ಇರುವುದು ಮನುಷ್ಯ.

ರೋಮನ್ ಚಕ್ರವರ್ತಿಗಳ ಸುತ್ತ ಇರುತ್ತಿದ್ದ ಪರಿವಾರದವರನ್ನು ಹೀಗೆ ಕರೆಯುತ್ತಿದ್ದರು. ಸಾಮ್ರಾಜ್ಯದ ಕೊನೆಗಾಲದ ಹೊತ್ತಿಗೆ ಕೋಮೆಸ್ ಎಂಬುದು ಅಧಿಕಾರಿಯ ಪದವಿಯೇ ಆಯಿತು. ದೊರೆಯ ಜೊತೆಗಿದ್ದವನನ್ನು ದೊರೆಯ ಪರವಾಗಿ ಒಂದು ಸೀಮೆ ನೋಡಿಕೊಳ್ಳಲು ಕಳಿಸಿದರು. 'ಕೋಮಿತಾತುಸ್' ಎಂಬ ಪದಕ್ಕೆ ಮೊದಲು ಪರಿವಾರ ಎಂಬ ಅರ್ಥವಿತ್ತು, ಆಮೇಲೆ ಆ ಅಧಿಕಾರಿಯ ಹುದ್ದೆ ಎಂದಾಯಿತು, ಅದೂ ಹೋಗಿ ಅವನ ಕೈಕೆಳಗಿನ ಪ್ರದೇಶ ಎಂದಾಯಿತು. ಫ್ರೆಂಚರ ಬಾಯಲ್ಲಿ ಆ ಅಧಿಕಾರಿ 'ಕೋಂತ್' ಆದ, ಇಂಗ್ಲಿಷಿನಲ್ಲಿ 'ಕೌಂಟ್'. ಎಣಿಸು ಎನ್ನುವ ಕೌಂಟ್ ಬೇರೆಯೇ ಪದ. ಅದು ಲೆಕ್ಕಹಾಕುವ 'ಕಂಪ್ಯುತಾರೆ'ಯಿಂದ ಬಂದದ್ದು, ಕಂಪ್ಯೂಟರಿನ ದಾಯಾದಿ. ತಲೆ ಎಣಿಸಿ ಗುರುತಿಸಿದ ಪ್ರದೇಶವೇ ಕೌಂಟಿ ಎಂದು ಯಾರೋ ಕಟ್ಟಿದ ವಿವರಣೆ ಅಲ್ಲಲ್ಲಿ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ ಈ ಪದ ಅವರೊಂದಿಗೆ ಕಡಲು ದಾಟಿತು. ಆದರೆ ಅಲ್ಲಿ ಆಗಲೇ ಆಡಳಿತದ ಭಾಗಗಳಿದ್ದವು, ಅವುಗಳ ಹೆಸರು 'ಶೈರ್'. ಹೊಸ ಒಡೆಯರು ಶೈರನ್ನೇ ತಮ್ಮ ಮಾತಿನಲ್ಲಿ ಕೌಂಟಿ ಎಂದರು. ವಿಚಿತ್ರವೆಂದರೆ ಇಂಗ್ಲೆಂಡಿನ ಶ್ರೀಮಂತನಿಗೆ ಕೌಂಟ್ ಎಂಬ ಬಿರುದು ಅಂಟಲೇ ಇಲ್ಲ. ಅವನು ಹಳೆಯ 'ಅರ್ಲ್' ಆಗಿಯೇ ಉಳಿದ, ಅವನ ಹೆಂಡತಿ ಮಾತ್ರ 'ಕೌಂಟೆಸ್' ಆದಳು. ಶೈರಿನ ಮೇಲ್ವಿಚಾರಕ 'ರೀವ್'. ಶೈರ್-ರೀವ್ ಎರಡೂ ಕೂಡಿ ಸವೆದು 'ಶೆರಿಫ್' ಆಯಿತು. ಅಮೆರಿಕದ ಕೌಬಾಯ್ ಸಿನಿಮಾಗಳಲ್ಲಿ ನಕ್ಷತ್ರದ ಬಿಲ್ಲೆ ತೊಟ್ಟು ಕುದುರೆ ಏರುವ ಶೆರಿಫ್ ಸಾವಿರ ವರ್ಷ ಹಿಂದಿನ ಇಂಗ್ಲೆಂಡಿನ ಅಧಿಕಾರಿಯ ವಂಶದವನು, ಮತ್ತು ಅವನು ಕೌಂಟಿಯ ಅಧಿಕಾರಿ. ಊರಿನ ಪೊಲೀಸ್ ಬೇರೆ, ಶೆರಿಫ್ ಬೇರೆ. ಕನ್ನಡದ ಉಪಶೀರ್ಷಿಕೆಗಳಲ್ಲಿ ಎರಡನ್ನೂ 'ಪೊಲೀಸ್' ಎಂದು ಮುಗಿಸಿದರೆ ಕತೆಯ ಅರ್ಧ ಜಗಳವೇ ಅರ್ಥವಾಗುವುದಿಲ್ಲ.

ನಮ್ಮವರಿಗೆ ಕೌಂಟಿ ಎಂದ ಕೂಡಲೇ ನೆನಪಾಗುವುದು ಕ್ರಿಕೆಟ್. 1995ರಲ್ಲಿ ಅನಿಲ್ ಕುಂಬ್ಳೆ ನಾರ್ತಾಂಪ್ಟನ್‌ಶೈರ್ ಪರ ಆಡಿ ಒಂದೇ ಋತುವಿನಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಅದೇ ವರ್ಷ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ನಲ್ಲಿದ್ದರು, 2000ದಲ್ಲಿ ರಾಹುಲ್ ದ್ರಾವಿಡ್ ಕೆಂಟ್‌ಗೆ ಆಡಿದರು. ಆ ಹೆಸರುಗಳ ಬಾಲದಲ್ಲಿರುವ ಶೈರ್ ಇದೇ ಶೈರ್. ಆದರೆ ಈ ಪರಿಚಯದಿಂದಲೇ ಕೌಂಟಿ ಎಂದರೆ ಕ್ಲಬ್ಬು ಎಂಬ ಭಾವನೆ ಊರಿಬಿಟ್ಟಿದೆ. ಅದರ ಮೇಲೆ ಬೆಂಗಳೂರಿನ ಸುತ್ತ ಗೇಟು ಹಾಕಿದ ವಿಲ್ಲಾಗಳ ಕಮಾನಿನ ಮೇಲೆಲ್ಲ 'ಕೌಂಟಿ' ಎಂದು ಬರೆಸುತ್ತಿದ್ದಾರೆ. ನಲವತ್ತು ಮನೆಗಳ ಬಡಾವಣೆಗೆ ಕೋರ್ಟು, ಜೈಲು, ಚುನಾವಣಾ ಕಚೇರಿ ಎಲ್ಲವನ್ನೂ ನಡೆಸುವ ಘಟಕದ ಹೆಸರು. ಪದದ ಅರ್ಥ ಹೀಗೆ ಕರಗುವುದನ್ನು ನೋಡಿ ಸುಮ್ಮನಿರುವುದು ನನಗೆ ಕಷ್ಟ.

ಅಮೆರಿಕದ ವಿಷಯಕ್ಕೆ ಬರೋಣ. 1634ರಲ್ಲಿ ವರ್ಜೀನಿಯಾ ವಸಾಹತನ್ನು ಎಂಟು ಶೈರುಗಳಾಗಿ ಹಂಚಿದರು, ಬೇಗನೆ ಅವನ್ನು ಕೌಂಟಿಗಳೆಂದೇ ಕರೆಯತೊಡಗಿದರು. ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕದ ಸಂವಿಧಾನ ಶ್ರೀಮಂತ ಬಿರುದುಗಳನ್ನೇ ನಿಷೇಧಿಸಿತು. ಕೌಂಟ್ ಇರಕೂಡದ ದೇಶದಲ್ಲಿ ಇಂದು 3,100ಕ್ಕೂ ಹೆಚ್ಚು ಕೌಂಟಿಗಳು ಮತ್ತು ಅವಕ್ಕೆ ಸಮಾನವಾದ ಘಟಕಗಳಿವೆ. ಲೂಯಿಸಿಯಾನಾದಲ್ಲಿ ಅವನ್ನು 'ಪ್ಯಾರಿಶ್' ಎನ್ನುತ್ತಾರೆ, ಅಲಾಸ್ಕಾದಲ್ಲಿ 'ಬರೋ'. ಟೆಕ್ಸಸ್‌ನಲ್ಲಿ 254 ಇದ್ದರೆ ಡೆಲವೇರ್‌ನಲ್ಲಿ ಮೂರೇ. ಗಾತ್ರಕ್ಕಂತೂ ಅಳತೆಯೇ ಇಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 2020ರಲ್ಲಿ ಒಂದು ಕೋಟಿ ದಾಟಿದ ಜನ, ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 64 ಜನ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಕೌಂಟಿ ಒಂದೇ ಸುಮಾರು 52,000 ಚದರ ಕಿಲೋಮೀಟರ್, ಇಡೀ ಕೇರಳಕ್ಕಿಂತ ದೊಡ್ಡದು.

ಹಾಗಿದ್ದರೆ ಜಿಲ್ಲೆ ಎನ್ನುವುದರಲ್ಲಿ ತಪ್ಪೇನು? ನಕ್ಷೆಯ ಮೇಲೆ ತಪ್ಪಿಲ್ಲ: ರಾಜ್ಯದ ಕೆಳಗಿನ ಹಂತ, ಅದಕ್ಕೊಂದು ಕೇಂದ್ರ ಪಟ್ಟಣ. ತಪ್ಪಿರುವುದು ಅಧಿಕಾರ ಎಲ್ಲಿಂದ ಬರುತ್ತದೆ ಎನ್ನುವಲ್ಲಿ. ಜಿಲ್ಲೆ ಎಂದರೆ ನಮ್ಮ ಮನಸ್ಸಿಗೆ ಬರುವುದು ಡಿ.ಸಿ. ಆಫೀಸು, ಸರ್ಕಾರ ನೇಮಿಸಿ ಸರ್ಕಾರವೇ ವರ್ಗ ಮಾಡುವ ಅಧಿಕಾರಿ. ಕೌಂಟಿಯಲ್ಲಿ ಆ ಕುರ್ಚಿಯೇ ಇಲ್ಲ. ಸಾಂತಾ ಕ್ಲಾರಾ ಕೌಂಟಿಯನ್ನು ನಡೆಸುವುದು ಮತದಾರರು ಆರಿಸಿದ ಐವರು ಸೂಪರ್‌ವೈಸರ್‌ಗಳ ಮಂಡಳಿ. ಈ ಸೂಪರ್‌ವೈಸರ್ ಕಟ್ಟಡದ ಸೈಟಿನಲ್ಲಿ ನಿಲ್ಲುವವರಲ್ಲ, ಚುನಾಯಿತ ಪ್ರತಿನಿಧಿ. ಶೆರಿಫ್ ಚುನಾಯಿತ, ಸರ್ಕಾರದ ಪರ ಮೊಕದ್ದಮೆ ನಡೆಸುವ ಡಿಸ್ಟ್ರಿಕ್ಟ್ ಅಟಾರ್ನಿ ಚುನಾಯಿತ, ಆಸ್ತಿಯ ಬೆಲೆ ಕಟ್ಟುವ ಅಸೆಸರ್ ಕೂಡ ಚುನಾಯಿತ. 'ಡಿಸ್ಟ್ರಿಕ್ಟ್' ಎಂಬ ಪದಕ್ಕೆ ಅಲ್ಲಿ ಬೇರೆ ಕೆಲಸಗಳೂ ಇವೆ: ಶಾಲೆಯ ಡಿಸ್ಟ್ರಿಕ್ಟ್, ನೀರಿನ ಡಿಸ್ಟ್ರಿಕ್ಟ್, ಸಂಸತ್ ಕ್ಷೇತ್ರದ ಡಿಸ್ಟ್ರಿಕ್ಟ್. ಕೌಂಟಿಯನ್ನು ಜಿಲ್ಲೆ ಎಂದು ಬರೆದವರು ಇವು ಎದುರಾದಾಗ ಏನು ಮಾಡುತ್ತಾರೆ? ಎಲ್ಲವನ್ನೂ ಜಿಲ್ಲೆ ಎನ್ನುತ್ತಾರೆ, ಓದುವವರು ಕಂಗಾಲಾಗುತ್ತಾರೆ. ಕೌಂಟಿಯನ್ನು ಕೌಂಟಿ ಎಂದೇ ಬರೆಯಿರಿ. ಜಿಲ್ಲೆಯೂ ಅರಬ್ಬಿಯಿಂದ ಬಂದ ಪದವೇ. ಅಲ್ಲಿ ಅದರ ಅರ್ಥ ಪಕ್ಕೆಲುಬು, ಪಕ್ಕ. ಅದನ್ನು ಜೀರ್ಣಿಸಿಕೊಂಡ ಕನ್ನಡಕ್ಕೆ ಕೌಂಟಿ ಭಾರವಾಗದು.

ಈಗ ಊರು ಮತ್ತು ಕೌಂಟಿಯ ಗೊಂದಲ. ಇದಕ್ಕೆ ಸಾಂತಾ ಕ್ಲಾರಾಕ್ಕಿಂತ ಒಳ್ಳೆಯ ಉದಾಹರಣೆ ಸಿಗದು, ನಮ್ಮವರು ಬೇಕಾದಷ್ಟು ಜನ ಅಲ್ಲಿ ನೆಲೆಸಿರುವುದರಿಂದ ಹೆಸರುಗಳೂ ಹೊಸವಲ್ಲ. ಸನಿವೇಲ್, ಕುಪರ್ಟಿನೊ, ಮಿಲ್ಪಿಟಸ್, ಮೌಂಟನ್ ವ್ಯೂ, ಸ್ಯಾನ್ ಹೊಸೆ ಎಲ್ಲ ಈ ಕೌಂಟಿಯವೇ. ಆದರೆ ಪಕ್ಕದಲ್ಲೇ ಇರುವ ಫ್ರೀಮಾಂಟ್ ಅಲ್ಲ, ಅದು ಅಲಮೀಡಾ ಕೌಂಟಿ. ಕೌಂಟಿಯ ಕೇಂದ್ರ ಸಾಂತಾ ಕ್ಲಾರಾ ನಗರವಲ್ಲ, ಸ್ಯಾನ್ ಹೊಸೆ.

ನಗರಕ್ಕೂ ಕೌಂಟಿಗೂ ಒಂದೇ ಹೆಸರು ಬರಲು ಕಾರಣ 1777ರ ಜನವರಿಯಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಸಾಂತಾ ಕ್ಲಾರಾ ಮಿಷನ್. ಅದು ಓಲೋನಿ ಜನರ ನೆಲ. ಅದೇ ವರ್ಷ ನವೆಂಬರಿನಲ್ಲಿ ಹತ್ತಿರದಲ್ಲೇ ಸ್ಯಾನ್ ಹೊಸೆ ಊರು ಹುಟ್ಟಿತು. ಮೆಕ್ಸಿಕೋದ ಕೈಯಿಂದ 1848ರಲ್ಲಿ ಅಮೆರಿಕಕ್ಕೆ ಸೇರಿದ ಕ್ಯಾಲಿಫೋರ್ನಿಯಾ 1850ರ ಸೆಪ್ಟೆಂಬರಿನಲ್ಲಿ ರಾಜ್ಯವಾಯಿತು. ಅದರ ಮೊದಲ 27 ಕೌಂಟಿಗಳನ್ನು ಗುರುತಿಸಿದ್ದು ಅದಕ್ಕೂ ಮುಂಚೆ, ಅದೇ ವರ್ಷದ ಫೆಬ್ರವರಿಯಲ್ಲಿ. ಶಾಸನಸಭೆ ಆಗ ಕೂಡುತ್ತಿದ್ದದ್ದೂ ಸ್ಯಾನ್ ಹೊಸೆಯಲ್ಲೇ. ಮೊದಲ ಸಾಂತಾ ಕ್ಲಾರಾ ಕೌಂಟಿ ಇಂದಿಗಿಂತ ದೊಡ್ಡದು. 1853ರಲ್ಲಿ ಅದರ ಉತ್ತರದ ತುಂಡನ್ನೂ ಕಾಂಟ್ರಾ ಕೋಸ್ಟಾ ಕೌಂಟಿಯ ತುಂಡನ್ನೂ ಸೇರಿಸಿ ಅಲಮೀಡಾ ಕೌಂಟಿ ಮಾಡಿದರು. ಫ್ರೀಮಾಂಟ್ ಆಚೆ ಬಿದ್ದದ್ದು ಹೀಗೆ.

ನೆಲದ ಲೆಕ್ಕದಲ್ಲಿ ಕೌಂಟಿ ಸುಮಾರು 3,340 ಚದರ ಕಿಲೋಮೀಟರ್. ಪಶ್ಚಿಮಕ್ಕೆ ಸಾಂತಾ ಕ್ರೂಜ್ ಬೆಟ್ಟಗಳು, ಪೂರ್ವಕ್ಕೆ ಡಯಾಬ್ಲೊ ಸಾಲು, ನಡುವೆ ಉತ್ತರದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯತ್ತ ಬಾಗಿದ ಕಣಿವೆ. ಸಿಲಿಕಾನ್ ವ್ಯಾಲಿ ಎಂದು ಕರೆಯುವುದರ ಬಹುಪಾಲು ಈ ಕಣಿವೆ. ಆದರೆ ಪೂರ್ವದ ಭಾಗವೆಲ್ಲ ಇಂದಿಗೂ ಹುಲ್ಲು, ಓಕ್ ಮರ, ದನ ಮೇಯುವ ಬೋಳುಗುಡ್ಡ. ಕೌಂಟಿ ಎಂದರೆ ನಗರ ಎಂದುಕೊಂಡವರು ಇಷ್ಟೊಂದು ನೆಲವನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಅಲ್ಲಿನ ಮೌಂಟ್ ಹ್ಯಾಮಿಲ್ಟನ್ ಸುಮಾರು 4,200 ಅಡಿ ಎತ್ತರ. ಶ್ರೀಮಂತ ಜೇಮ್ಸ್ ಲಿಕ್ ತನ್ನ ದುಡ್ಡಿನಿಂದ ಅಲ್ಲಿ ದೂರದರ್ಶಕ ನಿಲ್ಲಿಸಲು ಒಪ್ಪಿದ್ದು, ಶಿಖರದವರೆಗೆ ಒಳ್ಳೆಯ ರಸ್ತೆಯನ್ನು ಕೌಂಟಿ ಮಾಡಿಕೊಡಬೇಕೆಂಬ ಷರತ್ತಿನ ಮೇಲೆ. ಕೌಂಟಿ 1876ರಲ್ಲಿ ರಸ್ತೆ ಮುಗಿಸಿತು, ವೀಕ್ಷಣಾಲಯ 1888ರಲ್ಲಿ ಸಿದ್ಧವಾಯಿತು.

ಕೌಂಟಿಯ ತೆರಿಗೆ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಇಲ್ಲಿನದೇ ಒಂದು ಮೊಕದ್ದಮೆ ಇದೆ. ರೈಲು ಹಳಿಯ ಬದಿಯ ಬೇಲಿಗೂ ಬೆಲೆ ಕಟ್ಟಿ ತೆರಿಗೆ ಹಾಕಿದ್ದರ ಬಗ್ಗೆ ಸದರ್ನ್ ಪೆಸಿಫಿಕ್ ರೈಲ್ವೆಗೂ ಸಾಂತಾ ಕ್ಲಾರಾ ಕೌಂಟಿಗೂ ನಡೆದ ವ್ಯಾಜ್ಯ 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತೀರ್ಪು ಬೇಲಿಯ ಬಗ್ಗೆಯೇ ಇತ್ತು. ಅದಕ್ಕೆ ಕೋರ್ಟಿನ ವರದಿಗಾರ ಸೇರಿಸಿದ ತಲೆಟಿಪ್ಪಣಿಯಲ್ಲಿ, ಸಂವಿಧಾನದ ಹದಿನಾಲ್ಕನೇ ತಿದ್ದುಪಡಿ ವ್ಯಕ್ತಿಗಳಿಗೆ ಕೊಟ್ಟ ರಕ್ಷಣೆ ಕಂಪನಿಗಳಿಗೂ ಉಂಟು ಎಂಬ ಮಾತಿತ್ತು. ಕಂಪನಿಯೂ ಕಾನೂನಿನ ಕಣ್ಣಿಗೆ ವ್ಯಕ್ತಿ ಎಂಬ ವಾದಕ್ಕೆ ಅಮೆರಿಕದಲ್ಲಿ ಇಂದಿಗೂ ಈ ಕೌಂಟಿಯ ಹೆಸರನ್ನು ಎತ್ತುತ್ತಾರೆ.

ಕೌಂಟಿಯ ಜನಸಂಖ್ಯೆ 1950ರಲ್ಲಿ 2,90,547. ಆಗ ಇದು ಜರ್ದಾಳು, ಪ್ರೂನ್ ತೋಟಗಳ ಸೀಮೆ, ಹೂವಿನ ಕಾಲಕ್ಕೆ ಜನ ನೋಡಲು ಬರುತ್ತಿದ್ದ ಕಣಿವೆ. ಮುಂದಿನ ಎರಡು ದಶಕಗಳಲ್ಲಿ ಎಲೆಕ್ಟ್ರಾನಿಕ್ಸ್ ಬಂತು, ತೋಟಗಳು ಸೈಟುಗಳಾದವು. ಸ್ಯಾನ್ ಹೊಸೆ ಸುತ್ತಲಿನ ನೆಲವನ್ನು ತನ್ನ ಎಲ್ಲೆಯೊಳಗೆ ಸೇರಿಸಿಕೊಳ್ಳುತ್ತ 17 ಚದರ ಮೈಲಿಯಿಂದ 130 ಚದರ ಮೈಲಿ ದಾಟಿತು. ಅದು ತಮ್ಮನ್ನೂ ನುಂಗೀತೆಂಬ ಹೆದರಿಕೆಯಿಂದ ಕುಪರ್ಟಿನೊ, ಸಾರಟೋಗಾದಂಥ ಊರುಗಳವರು ಅವಸರದಲ್ಲಿ ತಮ್ಮದೇ ನಗರಸಭೆ ಮಾಡಿಕೊಂಡರು. 2020ಕ್ಕೆ ಕೌಂಟಿಯ ಜನ 19,36,259. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 10,13,240, ಸ್ಯಾನ್ ಹೊಸೆಯವರೇ. ಏಷ್ಯಾ ಮೂಲದವರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದು, ಈಗ ಅತಿ ದೊಡ್ಡ ಗುಂಪು.

ಊರಿಗೂ ಕೌಂಟಿಗೂ ಕೆಲಸ ಹಂಚಿಕೆ ಹೇಗೆ ಎಂದು ತಿಳಿಯಬೇಕಾದರೆ ಕುಪರ್ಟಿನೊ ನೋಡಿ. ಆಪಲ್ ಕಂಪನಿಯ ಕೇಂದ್ರವಿರುವ ಈ ನಗರಕ್ಕೆ ಸ್ವಂತ ಪೊಲೀಸ್ ಇಲಾಖೆ ಇಲ್ಲ. ಒಪ್ಪಂದದ ಮೇಲೆ ಕೌಂಟಿಯ ಶೆರಿಫ್ ಕಚೇರಿಯೇ ಅಲ್ಲಿ ಗಸ್ತು ತಿರುಗುತ್ತದೆ. ಸನಿವೇಲ್‌ಗೆ ತನ್ನದೇ ಇಲಾಖೆ ಇದೆ. ಆದರೆ ಎರಡೂ ಊರಿನ ಮನೆಯವರಿಗೆ ಆಸ್ತಿ ತೆರಿಗೆ ಬಿಲ್ಲು ಬರುವುದು ಕೌಂಟಿಯಿಂದ. ಕೌಂಟಿ ಅದನ್ನು ವಸೂಲು ಮಾಡಿ ನಗರ, ಶಾಲಾ ಡಿಸ್ಟ್ರಿಕ್ಟ್ ಮುಂತಾದವಕ್ಕೆ ಹಂಚುತ್ತದೆ. ಸಾರ್ವಜನಿಕ ಆರೋಗ್ಯವೂ ಕೌಂಟಿಯದೇ. 2020ರ ಮಾರ್ಚ್ 16ರಂದು ಕೊಲ್ಲಿ ಪ್ರದೇಶದ ಆರು ಕೌಂಟಿಗಳು ಒಟ್ಟಾಗಿ ಜನ ಮನೆಯಲ್ಲೇ ಇರಬೇಕೆಂದು ಆದೇಶ ಹೊರಡಿಸಿದವು. ಸಹಿ ಹಾಕಿದವರು ಕೌಂಟಿಗಳ ಆರೋಗ್ಯಾಧಿಕಾರಿಗಳು. ಇಡೀ ಕ್ಯಾಲಿಫೋರ್ನಿಯಾಕ್ಕೆ ರಾಜ್ಯಪಾಲರ ಆದೇಶ ಬಂದದ್ದು ಮೂರು ದಿನ ಆದ ಮೇಲೆ.

ಇನ್ನು ಯಾವ ಊರಿಗೂ ಸೇರದ ನೆಲವೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಬಹುಭಾಗ ಪಾಲೊ ಆಲ್ಟೊ ನಗರದ ಗಡಿಯೊಳಗಿಲ್ಲ. ಅದು ನೇರವಾಗಿ ಸಾಂತಾ ಕ್ಲಾರಾ ಕೌಂಟಿಯ ಆಡಳಿತದಲ್ಲಿದೆ. ಅಲ್ಲಿ ಹೊಸ ಕಟ್ಟಡ ಎಷ್ಟು ಏಳಬಹುದು ಎನ್ನುವುದು ಆ ಐವರು ಸೂಪರ್‌ವೈಸರ್‌ಗಳ ಮುಂದೆ ತೀರ್ಮಾನವಾಗುತ್ತದೆ. 'ಪಾಲೊ ಆಲ್ಟೊ ನಗರದ ಸ್ಟ್ಯಾನ್‌ಫರ್ಡ್' ಎಂದು ಬರೆಯುವವರು ತಿದ್ದಿಕೊಳ್ಳಬೇಕಾದ್ದು ಇದನ್ನು.

ಎಲ್ಲ ಕಡೆಯೂ ಹೀಗೆಯೇ ಎಂದುಕೊಳ್ಳಬೇಡಿ. ಸ್ಯಾನ್ ಫ್ರಾನ್ಸಿಸ್ಕೊ 1856ರಿಂದ ನಗರವೂ ಹೌದು, ಕೌಂಟಿಯೂ ಹೌದು, ಎರಡಕ್ಕೂ ಒಂದೇ ಗಡಿ. ನ್ಯೂಯಾರ್ಕ್ ನಗರದೊಳಗೆ ಐದು ಕೌಂಟಿಗಳಿವೆ: ಮ್ಯಾನ್‌ಹಾಟನ್ ಎಂದರೆ ನ್ಯೂಯಾರ್ಕ್ ಕೌಂಟಿ, ಬ್ರೂಕ್ಲಿನ್ ಎಂದರೆ ಕಿಂಗ್ಸ್ ಕೌಂಟಿ. ಬಾಲ್ಟಿಮೋರ್ ನಗರ ಬಾಲ್ಟಿಮೋರ್ ಕೌಂಟಿಯ ಭಾಗವೇ ಅಲ್ಲ. ಕನೆಕ್ಟಿಕಟ್ 1960ರಲ್ಲಿ ಕೌಂಟಿ ಸರ್ಕಾರಗಳನ್ನೇ ರದ್ದು ಮಾಡಿತು. ಹಾಗಾಗಿ ಅಮೆರಿಕದ ಊರೊಂದರ ಅಂಕಿ ಬರೆಯುವ ಮುನ್ನ ಅದು ಊರಿನದೋ ಕೌಂಟಿಯದೋ ಎಂದು ಪ್ರತಿ ಸಲವೂ ನೋಡಲೇಬೇಕು, ಒಂದು ರಾಜ್ಯದ ಪಾಠ ಇನ್ನೊಂದಕ್ಕೆ ಒದಗುವುದಿಲ್ಲ.