ಫ್ಲಶ್ ಮಾಡಿ, ಫ್ಲಶ್ ಮಾಡಬೇಡಿ: ಉಳಿದ ಮಾತ್ರೆಯ ಗೊಂದಲ ಎಲ್ಲಿಂದ ಬಂತು?

ಮನೆಯಲ್ಲಿ ಉಳಿದ ಔಷಧವನ್ನು ಏನು ಮಾಡಬೇಕು ಎಂದು ಹುಡುಕಿದರೆ ಸಿಗುವ ಸಲಹೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಮಣ್ಣಿನಲ್ಲಿ ಕಲಸಿ ಕಸಕ್ಕೆ ಹಾಕಿ ಎಂದು ಒಂದು ಕಡೆ. ಬಿಡಿಸಲೇಬೇಡಿ, ಇದ್ದ ಹಾಗೇ ಔಷಧದಂಗಡಿಗೆ ಕೊಡಿ ಎಂದು ಇನ್ನೊಂದು ಕಡೆ. ಕಮೋಡಿಗೆ ಸುರಿಯಬಾರದು ಎನ್ನುವ ಸಂಸ್ಥೆಯೇ ಕಮೋಡಿಗೆ ಹಾಕಬೇಕಾದ ಔಷಧಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಯಕ್ಕೆ ಕೊಟ್ಟ ಉತ್ತರಗಳು ಈಗ ಒಂದೇ ರಾಶಿಯಲ್ಲಿ ಬಿದ್ದಿವೆ, ಅಷ್ಟೆ.

ಮೊದಲ ಭಯ ಮಕ್ಕಳದು. ಕಸದ ಬುಟ್ಟಿಯಲ್ಲಿ ಬಣ್ಣದ ಮಾತ್ರೆ ಕಂಡರೆ ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಆದ್ದರಿಂದ ಕಮೋಡಿಗೆ ಹಾಕಿ ನೀರು ಬಿಡಿ ಎಂಬ ಮಾತು ದಶಕಗಳ ಕಾಲ ನಡೆಯಿತು. ನೀರು ಬಿಟ್ಟ ಮೇಲೆ ಮಾತ್ರೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. 1970ರ ದಶಕದಲ್ಲೇ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಸಂಸ್ಕರಿಸಿದ ಚರಂಡಿ ನೀರಿನೊಳಗೆ ಕೊಲೆಸ್ಟರಾಲ್ ಔಷಧವೊಂದರ ಶೇಷವಾದ ಕ್ಲೋಫೈಬ್ರಿಕ್ ಆಮ್ಲ ಪತ್ತೆಯಾಗಿತ್ತು. 1990ರ ದಶಕದಲ್ಲಿ ಅದೇ ವಸ್ತು ಬರ್ಲಿನ್‌ನ ಅಂತರ್ಜಲದಲ್ಲೂ ಸಿಕ್ಕಿತು. 2002ರಲ್ಲಿ ಅಮೆರಿಕದ ಭೂಗರ್ಭ ಸರ್ವೇಕ್ಷಣೆ 30 ರಾಜ್ಯಗಳ 139 ಹೊಳೆಗಳ ಫಲಿತಾಂಶ ಹೊರತಂದಾಗ, ಶೇ 80ರಷ್ಟರಲ್ಲಿ ಔಷಧ, ಹಾರ್ಮೋನ್ ಅಥವಾ ಅಂಥದೇ ಇನ್ನಾವುದೋ ರಾಸಾಯನಿಕದ ಕುರುಹು ಇತ್ತು. ಕೆನಡಾದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಯೊಂದಕ್ಕೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಬೆರೆಸಿ ನೋಡಿದರು. ಲೀಟರಿಗೆ ಐದಾರು ನ್ಯಾನೊಗ್ರಾಂ (ಗ್ರಾಂನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಗ್ರಾಂ) ಸಾಕಾಯಿತು, ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ಅಲ್ಲಿ ಅಳಿವಿನ ಅಂಚಿಗೆ ಬಂತು. ಅದರ ವರದಿ ಪ್ರಕಟವಾದದ್ದು 2007ರಲ್ಲಿ.

ಎರಡನೆಯ ಭಯ ಹುಟ್ಟಿದ್ದು ಹೀಗೆ. ಈ ಹಂತದಲ್ಲಿ ಒಂದು ವಿಷಯ ಮಾತ್ರ ಚರ್ಚೆಯಿಂದ ಮೆಲ್ಲಗೆ ಜಾರಿಹೋಯಿತು. ನೀರಿಗೆ ಸೇರುವ ಔಷಧದ ಬಹುಪಾಲು ಬರುವುದು ಎಸೆದ ಮಾತ್ರೆಯಿಂದಲ್ಲ, ನುಂಗಿದ ಮಾತ್ರೆಯಿಂದ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ದೇಹದಲ್ಲಿ ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಮಂಡಿಗೆ ಹಚ್ಚಿದ ಡೈಕ್ಲೋಫೆನಾಕ್ ಜೆಲ್‌ನಲ್ಲಿ ಚರ್ಮ ಹೀರುವುದು ಸುಮಾರು ಶೇ 6. ಉಳಿದದ್ದರಲ್ಲಿ ಹೆಚ್ಚಿನದು ಸ್ನಾನದಲ್ಲೋ ಬಟ್ಟೆ ಒಗೆಯುವಾಗಲೋ ಬಚ್ಚಲು ಸೇರುತ್ತದೆ. ಮನೆಯವರು ಕಮೋಡಿಗೆ ಹಾಕುವುದನ್ನು ನಿಲ್ಲಿಸಿದರೆ ನದಿ ಶುದ್ಧವಾಗುತ್ತದೆ ಎಂಬ ಧ್ವನಿಯ ಪ್ರಚಾರ ಅರ್ಧ ಸತ್ಯವೇ. ಆದರೆ ಸುಲಭವಾಗಿ ತಪ್ಪಿಸಬಹುದಾದ ಪಾಲು ಅದೊಂದೇ ಎಂಬುದೂ ನಿಜ.

2007ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ಸಲಹೆಯನ್ನು ತಿರುಗಿಸಿ ಹಾಕಿತು: ಔಷಧದ ಜೊತೆ ಬರುವ ಚೀಟಿಯಲ್ಲಿ ಸ್ಪಷ್ಟವಾಗಿ ಹೇಳಿಲ್ಲವಾದರೆ ಫ್ಲಶ್ ಮಾಡಬೇಡಿ, ತಿನ್ನಲಾಗದ ಏನಾದರೊಂದರಲ್ಲಿ ಕಲಸಿ ಕಸಕ್ಕೆ ಹಾಕಿ. ‘ಚೀಟಿಯಲ್ಲಿ ಹೇಳಿಲ್ಲವಾದರೆ’ ಎಂಬ ಆ ಷರತ್ತು ಬಂದದ್ದು ಫೆಂಟಾನಿಲ್‌ನಂಥ ಔಷಧಗಳಿಂದಾಗಿ. ತೀವ್ರ ನೋವಿಗೆ ಚರ್ಮದ ಮೇಲೆ ಅಂಟಿಸುವ ಈ ಪ್ಯಾಚ್ ಅನ್ನು ಮೂರು ದಿನದ ನಂತರ ಕಿತ್ತರೂ ಅದರಲ್ಲಿ ಮಗುವಿನ ಉಸಿರು ನಿಲ್ಲಿಸುವಷ್ಟು ಔಷಧ ಉಳಿದಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಹಿಂದಿನ 15 ವರ್ಷಗಳ 26 ಮಕ್ಕಳ ಪ್ರಕರಣ ಪರಿಶೀಲಿಸಿತು. ಅವರಲ್ಲಿ 10 ಮಕ್ಕಳು ತೀರಿಕೊಂಡಿದ್ದರು, 16 ಮಕ್ಕಳು ಎರಡು ವರ್ಷ ಅಥವಾ ಅದಕ್ಕಿಂತ ಚಿಕ್ಕವರು. ಆದ್ದರಿಂದ ಕಿತ್ತ ಪ್ಯಾಚ್ ಅನ್ನು ಅಂಟಿನ ಭಾಗ ಒಳಗೆ ಬರುವಂತೆ ಎರಡಾಗಿ ಮಡಚಿ, ಒತ್ತಿ, ತಕ್ಷಣ ಫ್ಲಶ್ ಮಾಡಬೇಕು. ಇಲ್ಲಿ ನೀರಿನ ಲೆಕ್ಕ ಎರಡನೆಯದು.

ಭಾರತದ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರ ಮಾರ್ಗಸೂಚಿಯಲ್ಲಿ ಕೊಟ್ಟ, ಫ್ಲಶ್ ಮಾಡಬೇಕಾದ 17 ಔಷಧಗಳ ಪಟ್ಟಿಯ ತರ್ಕವೂ ಇದೇ: ಫೆಂಟಾನಿಲ್, ಟ್ರಮಡಾಲ್, ಡಯಾಜೆಪಾಮ್, ಮಾರ್ಫಿನ್ ಇತ್ಯಾದಿ. ಪಟ್ಟಿ ಸುದ್ದಿಯಾದಾಗ ‘ಹಳೆಯ ಮಾತ್ರೆಯನ್ನೆಲ್ಲ ಫ್ಲಶ್ ಮಾಡಬೇಕಂತೆ’ ಎಂದು ಓದಿಕೊಂಡವರು ಕಡಿಮೆಯಿಲ್ಲ. ಪಟ್ಟಿಯಲ್ಲಿ ಇಲ್ಲದ್ದು, ಅಂದರೆ ಮನೆಯ ಡಬ್ಬಿಯಲ್ಲಿರುವ ಹೆಚ್ಚುಕಡಿಮೆ ಎಲ್ಲವೂ, ಕಮೋಡಿಗಲ್ಲ. ಆ್ಯಂಟಿಬಯಾಟಿಕ್ ಅಂತೂ ಖಂಡಿತ ಅಲ್ಲ.

ಮೂರನೆಯ ಉತ್ತರ, ಮರಳಿಸುವುದು, ನಿಜಕ್ಕೂ ಹಳೆಯದು. ಸ್ವೀಡನ್ನಿನ ಔಷಧದಂಗಡಿಗಳು 1970ರ ದಶಕದಿಂದಲೇ ವಾಪಸ್ ಪಡೆಯುತ್ತಿವೆ. ಫ್ರಾನ್ಸ್‌ನಲ್ಲಿ ಉಳಿದ ಔಷಧ ಸಂಗ್ರಹಿಸುವ ಸಿಕ್ಲಾಮೆಡ್ ಸಂಸ್ಥೆ 1993ರಲ್ಲಿ ಶುರುವಾಯಿತು. ಐರೋಪ್ಯ ಒಕ್ಕೂಟ 2004ರಲ್ಲಿ ಸಂಗ್ರಹ ವ್ಯವಸ್ಥೆಯನ್ನು ಸದಸ್ಯ ದೇಶಗಳಿಗೆ ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಕಾನೂನೇ ಅಡ್ಡವಿತ್ತು. ಮಾದಕ ವರ್ಗದ ಔಷಧವನ್ನು ರೋಗಿ ಅಂಗಡಿಗೆ ಮರಳಿಸುವಂತಿರಲಿಲ್ಲ, ಪೊಲೀಸರಿಗೆ ಮಾತ್ರ ಕೊಡಬಹುದಿತ್ತು. 2010ರಲ್ಲಿ ಕಾಯ್ದೆ ಬದಲಾಗಿ, 2014ರಲ್ಲಿ ನಿಯಮ ಬಂದ ಮೇಲಷ್ಟೇ ಅಂಗಡಿಯೊಳಗೆ ಉಳಿದ ಔಷಧ ಹಾಕುವ ಸಂಗ್ರಹ ಡಬ್ಬಿ ಬಂತು.

ಉಳಿದದ್ದನ್ನು ಇಲ್ಲದವರಿಗೆ ಕೊಡಬಾರದೇ? ಅದನ್ನೂ ಮಾಡಿ ನೋಡಿದ್ದಾಗಿದೆ. 1992ರಿಂದ 1996ರವರೆಗೆ ಯುದ್ಧಪೀಡಿತ ಬೋಸ್ನಿಯಾಕ್ಕೆ ಹರಿದುಬಂದ ನೆರವಿನಲ್ಲಿ ಅಂದಾಜು 17,000 ಟನ್ ಔಷಧ ಉಪಯೋಗಕ್ಕೆ ಬಾರದ್ದು: ಅವಧಿ ಮೀರಿದ್ದು, ಹೆಸರು ಗೊತ್ತಾಗದ್ದು, ಯಾರೋ ಅರ್ಧ ತಿಂದು ಬಿಟ್ಟದ್ದು. ಅದನ್ನು ಸುಡುವುದೇ ಅಲ್ಲಿನವರಿಗೆ ಹೊಸ ತಲೆನೋವಾಯಿತು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ದಾನದ ನಿಯಮವನ್ನೂ 1999ರಲ್ಲಿ ವಿಲೇವಾರಿಯ ಮಾರ್ಗಸೂಚಿಯನ್ನೂ ಹೊರತಂದಿತು. ಫ್ರಾನ್ಸ್ ಕೂಡ 2008ರ ಕೊನೆಗೆ ಮರುಹಂಚಿಕೆ ನಿಲ್ಲಿಸಿತು. ಒಮ್ಮೆ ಮನೆಗೆ ಹೋದ ಸ್ಟ್ರಿಪ್ ಬಿಸಿಲು ಕಂಡಿತೋ ತೇವ ಕಂಡಿತೋ ಹೇಳಲು ಬರುವುದಿಲ್ಲ.

ಈಗ ಕೈಕೆಲಸಕ್ಕೆ ಬರೋಣ. ಸಂಗ್ರಹ ಡಬ್ಬಿ ಇದ್ದರೆ ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ: ಪುಡಿ ಹಾರುವುದಿಲ್ಲ, ಅದು ಏನೆಂದು ಓದಲು ಬರುತ್ತದೆ. ರಟ್ಟಿನ ಪೆಟ್ಟಿಗೆ, ಒಳಗಿನ ಕಾಗದ ತೆಗೆದುಬಿಡಿ. ಡಬ್ಬಿ ಬೇಗ ತುಂಬುವುದು ಔಷಧದಿಂದಲ್ಲ, ರಟ್ಟಿನಿಂದ. ಸಿರಪ್ ಬಾಟಲಿಯ ಮುಚ್ಚಳ ಬಿಗಿ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದು ಸೋರಿದರೆ ಡಬ್ಬಿಯೆಲ್ಲ ಅಂಟು. ಸೂಜಿ, ಪಾದರಸದ ಥರ್ಮಾಮೀಟರ್, ಬ್ಯಾಟರಿ ಇದರೊಳಗೆ ಸೇರಬಾರದು.

ಡಬ್ಬಿ ಇಲ್ಲವೆಂದರೆ ಕ್ರಮ ತಿರುಗಾಮುರುಗಾ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಆದರೆ ಪುಡಿ ಮಾಡಬೇಡಿ, ಕ್ಯಾಪ್ಸೂಲ್ ಬಿಚ್ಚಬೇಡಿ. ಹಾರ್ಮೋನ್ ಔಷಧದ ಪುಡಿ ಉಸಿರಿಗೆ ಸೇರುವುದು ಒಳ್ಳೆಯದಲ್ಲ. ಮಾತ್ರೆ ಕಾಣದಷ್ಟು ಒದ್ದೆ ಮಣ್ಣು ಅಥವಾ ಸೋಸಿ ಉಳಿದ ಕಾಫಿ ಪುಡಿ ಸೇರಿಸಿ. ಸಿರಪ್ ಆದರೆ ತೊಟ್ಟಿಕ್ಕುವುದು ನಿಲ್ಲುವವರೆಗೂ ಒಣ ಮಣ್ಣು ಹಾಕಿ. ಮುಚ್ಚಳದ ಡಬ್ಬಿಯಲ್ಲೋ ಜಿಪ್ ಚೀಲದಲ್ಲೋ ಭದ್ರ ಮಾಡಿ, ಔಷಧದ ಚೀಟಿಯ ಮೇಲಿನ ನಿಮ್ಮ ಹೆಸರು ಅಳಿಸಿ, ಕಸ ಒಯ್ಯುವ ದಿನವೇ ಹೊರಗಿಡಿ. ಕಲಸುವುದರಿಂದ ಔಷಧ ನಾಶವಾಗುವುದಿಲ್ಲ. ಮಗು, ನಾಯಿ, ಕಸ ಆಯುವವರ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ ಅದರ ಉದ್ದೇಶ.

ಕ್ಯಾನ್ಸರ್ ಔಷಧ ಈ ದಾರಿಗೂ ಬರುವಂತಿಲ್ಲ, ಕೊಟ್ಟ ಆಸ್ಪತ್ರೆಗೇ ಮರಳಬೇಕು. ಇನ್ಹೇಲರ್ ಚುಚ್ಚಿದರೂ ಸುಟ್ಟರೂ ಸಿಡಿಯಬಹುದು. ಹಿತ್ತಲಲ್ಲಿ ಸುಡುವವರಿಗೂ ಒಂದು ಮಾತು: ಸಾಮಾನ್ಯ ಔಷಧಕ್ಕೇ ಎರಡು ಕೋಣೆಯ ಕುಲುಮೆ, ಕನಿಷ್ಠ 850 ಡಿಗ್ರಿ ಸೆಲ್ಸಿಯಸ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎಲೆಗುಡ್ಡೆಯ ಬೆಂಕಿಗೆ ಆ ಶಾಖವಿಲ್ಲ. ಸ್ಟ್ರಿಪ್‌ನ ಪಿವಿಸಿ ಪ್ಲಾಸ್ಟಿಕ್ ಉರಿದು ಆಮ್ಲದ ಹೊಗೆ, ಡಯಾಕ್ಸಿನ್ ಎಂಬ ವಿಷ ಏಳುತ್ತವೆ.

ಗೊಂದಲ ಇನ್ನೂ ಉಳಿದಿರುವುದು ಸೂಚನೆಗೂ ಸೌಲಭ್ಯಕ್ಕೂ ನಡುವಿನ ಅಂತರದಲ್ಲಿ. ಭಾರತದ 2016ರ ಘನತ್ಯಾಜ್ಯ ನಿಯಮ ಅವಧಿ ಮುಗಿದ ಔಷಧವನ್ನು ಮನೆಯ ಅಪಾಯಕಾರಿ ಕಸವೆಂದು ಗುರುತಿಸಿ, ಬೇರೆಯಾಗಿ ಇಡಿ ಎಂದಿತು. ಬೇರೆ ಇಟ್ಟದ್ದನ್ನು ಬೇರೆಯಾಗಿಯೇ ಒಯ್ಯುವ ಗಾಡಿ ಬರುವುದು ಇನ್ನೊಂದು ಮಾತು. ಡಬ್ಬಿ, ಸಾಗಣೆ, ಕುಲುಮೆ ಮೂರಕ್ಕೂ ಹಣ ಬೇಕು. ಅಮೆರಿಕದ ಅಲಮೀಡಾ ಕೌಂಟಿ 2012ರಲ್ಲಿ ಆ ಖರ್ಚನ್ನು ತಯಾರಕರೇ ಭರಿಸಬೇಕೆಂದಿತು. ತಕರಾರು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2015ರಲ್ಲಿ ಅದು ವಿಚಾರಣೆಗೇ ಎತ್ತಿಕೊಳ್ಳದೆ ಕೌಂಟಿಯ ಆದೇಶ ಉಳಿಯಿತು. ಐರೋಪ್ಯ ಒಕ್ಕೂಟದ 2024ರ ಚರಂಡಿ ನೀರಿನ ನಿರ್ದೇಶನ ಇನ್ನೂ ಮುಂದೆ ಹೋಗಿ, ಸೂಕ್ಷ್ಮ ಮಾಲಿನ್ಯ ತೆಗೆಯುವ ಹೆಚ್ಚುವರಿ ಸಂಸ್ಕರಣೆಯ ವೆಚ್ಚದಲ್ಲಿ ಕನಿಷ್ಠ ಶೇ 80ನ್ನು ಔಷಧ ಮತ್ತು ಪ್ರಸಾಧನ ತಯಾರಕರ ಲೆಕ್ಕಕ್ಕೆ ಬರೆದಿದೆ. ಎಸೆದ ಮಾತ್ರೆಗಷ್ಟೇ ಅಲ್ಲ, ನುಂಗಿದ ಮಾತ್ರೆಗೂ ಸೇರಿಸಿ ಬಂದ ಬಿಲ್ ಅದು.